ಔಷಧಿ ಬಾಗಿಲಿನ ಸಪ್ಪಲಮ್ಮ

ಮೂಡಲು ಇನ್ನೂ ಕೆಂಪಾಗಿಲ್ಲ. ದೊಡ್ಡಬಳ್ಳಾಪುರದಿಂದ ತೂಬಗೆರೆಗೆ ಹೋಗುವ ದಾರಿಯಲ್ಲಿ, ತಗಡು ಹೊದಿಸಿದ ಉದ್ದನೆಯ ಕಟ್ಟಡವೊಂದರ ಹಿಂಬದಿಯಲ್ಲಿ, ಒಬ್ಬಾಕೆ ಒಲೆಯ ಬಾಯಿಗೆ ಸೌದೆ ತುರುಕುತ್ತಿದ್ದಾಳೆ. ಮೇಲೆ ತಾಮ್ರದ ದೊಡ್ಡ ಹಂಡೆ. ನೀರು ಕುದಿ ಹತ್ತುವ ಹೊತ್ತಿಗೆ ಆಕೆ ತೂತಿನ ತಗಡಿನ ಬುಟ್ಟಿಯಲ್ಲಿ ರೇಷ್ಮೆಗೂಡು ತುಂಬಿ, ಬಲಗೈಯಲ್ಲಿ ಹಿಡಿದು ಹಂಡೆಗೆ ಇಳಿಬಿಡುತ್ತಾಳೆ. ಎಡಗೈಯನ್ನು ಸೊಂಟದ ಮೇಲೆ ಊರಿಕೊಂಡಿದ್ದಾಳೆ. ಆ ಕೈಯ ಎರಡು ಬೆರಳು ಅಂಗೈಗೆ ಮಡಚಿಕೊಂಡು ಅಂಟಿಹೋಗಿವೆ. ಸತ್ತ ಹುಳದ ನಾತ ಹಬೆಯ ಜೊತೆ ಏಳುತ್ತದೆ. ಹೊಸಬರು ಈ ಜಾಗದಲ್ಲಿ ಮೂಗು ಮುಚ್ಚಿಕೊಳ್ಳುತ್ತಾರೆ. ಆಕೆ ಅದೇ ಹಬೆಗೆ ಮುಖವೊಡ್ಡಿ, ಬುಟ್ಟಿ ಎತ್ತಿ, ಒಂದು ಗೂಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮತ್ತೆ ಇಳಿಬಿಡುತ್ತಾಳೆ.

"ಗಡಿಯಾರ ನೋಡೋಕೆ ಬರಲ್ಲ ನಂಗೆ. ಗೂಡು ಮುಟ್ಟಿದ್ರೆ ಗೊತ್ತಾಗ್ತದೆ. ಜಾಸ್ತಿ ಬೆಂದ್ರೆ ಮುದ್ದೆ ಆಯ್ತದೆ, ಕಮ್ಮಿ ಬೆಂದ್ರೆ ಎಳೆ ಬಿಚ್ಚಲ್ಲ," ಎನ್ನುತ್ತಾಳೆ.

ಈಕೆ ಸಪ್ಪಲಮ್ಮ. ವಯಸ್ಸು ನಲವತ್ತೈದು ಇರಬಹುದು, ಐವತ್ತೂ ಇರಬಹುದು. ತೂಬಗೆರೆ ಪಕ್ಕದ ಹಳ್ಳಿಯವಳು. ಗಂಡ ಆಂಜಿನಪ್ಪ ಬಂಡೆ ಒಡೆಯುವ ಕೆಲಸದಲ್ಲಿದ್ದು, ಎದೆಯಲ್ಲಿ ಧೂಳು ಕೂತು, ಈಗ ಜಗುಲಿ ಬಿಟ್ಟು ಏಳಲಾರದ ಸ್ಥಿತಿಯಲ್ಲಿದ್ದಾನೆ. ಕಟ್ಟಡದ ಬೋರ್ಡಿನಲ್ಲಿ 'ಫಿಲೇಚರ್' ಎಂದು ಬರೆದಿದೆ. ಊರವರ ಬಾಯಲ್ಲಿ ಅದು ಗೂಡಿನ ಕಾರ್ಖಾನೆ. ಆರೂವರೆಗೆ ಕಾರ್ಖಾನೆ ಕೂಗುತ್ತದೆ. ಅಷ್ಟರೊಳಗೆ ನೂರೈವತ್ತು ಬೇಸಿನ್ನುಗಳಿಗೆ ಬೆಂದ ಗೂಡು ಸಿದ್ಧವಿರಬೇಕು. ಒಂದೊಂದು ಬೇಸಿನ್ನಿನ ಮುಂದೆ ಒಬ್ಬೊಬ್ಬ ಹೆಂಗಸು ಕೂತು, ಬಿಸಿನೀರಿನಲ್ಲಿ ಕೈಯಾಡಿಸಿ, ಕಣ್ಣಿಗೆ ಕಾಣದಂಥ ಎಳೆಗಳನ್ನು ಹಿಡಿದು ರಾಟೆಗೆ ಏರಿಸುತ್ತಾಳೆ. ಸಂಜೆ ಐದರವರೆಗೂ ಅದೇ. ನೂಲು ಬಿಚ್ಚುವವರಿಗೆ ದಿನಕ್ಕೆ ಹನ್ನೆರಡಾಣೆ. ಗೂಡು ಬೇಯಿಸುವ ಸಪ್ಪಲಮ್ಮನಿಗೆ ಒಂಬತ್ತಾಣೆ.

ಕಳೆದ ವರ್ಷದವರೆಗೆ ಆಕೆಯ ಕೆಲಸ ಇದಾಗಿರಲಿಲ್ಲ. ಕಾರ್ಖಾನೆಯ ಔಷಧಾಲಯದ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅಲ್ಲಿಂದ ಇಲ್ಲಿಗೆ ಹೇಗೆ ಬಂದಳು ಎಂಬುದನ್ನು ಈ ಸುತ್ತಿನ ಹತ್ತು ಹಳ್ಳಿಯ ಹೆಂಗಸರು ಬಲ್ಲರು. ಕಾರ್ಖಾನೆಯ ವರದಿಯಲ್ಲಿ ಮಾತ್ರ ಅದರ ಸುದ್ದಿಯಿಲ್ಲ.

ಕಾರ್ಖಾನೆ ಶುರುವಾದದ್ದು ಯುದ್ಧದ ಕಾಲದಲ್ಲಿ. ವಿಮಾನದಿಂದ ಸಿಪಾಯಿಗಳು ನೆಗೆಯುವ ಛತ್ರಿಗೆ ರೇಷ್ಮೆ ಬೇಕಾಗಿತ್ತು. ರೇಷ್ಮೆ ಬಿಚ್ಚಲು ಹೆಂಗಸರ ಬೆರಳು ಬೇಕಾಗಿತ್ತು. ರಾಗಿ ಹೊಲ ಬಿಟ್ಟು ಈ ನಾತಕ್ಕೆ ಬರಲು ಯಾರೂ ಒಪ್ಪದಿದ್ದಾಗ, ಯಜಮಾನರು ನಲವತ್ತಮೂರರಲ್ಲಿ 'ಕಾಯಿಲೆ ನಿಧಿ' ಎಂಬುದನ್ನು ಮಾಡಿದರು. ಪ್ರತಿಯೊಬ್ಬರ ಕೂಲಿಯಲ್ಲಿ ವಾರಕ್ಕೆ ಒಂದಾಣೆ ಹಿಡಿಯುವುದು, ಕಾರ್ಖಾನೆ ಅದಕ್ಕೆ ಇನ್ನೊಂದಾಣೆ ಸೇರಿಸುವುದು. ಬದಲಿಗೆ ಕೆಲಸದವರಿಗೂ ಅವರ ಮನೆಯವರಿಗೂ ಔಷಧಿ ಪುಕ್ಕಟೆ. ಮಲಗಿದರೆ ಅರ್ಧ ಕೂಲಿ. ಹೆರಿಗೆಗೆ ಆರು ರೂಪಾಯಿ. ಮಂಗಳವಾರ, ಶುಕ್ರವಾರ ಬೆಂಗಳೂರಿನಿಂದ ಡಾಕ್ಟರು ಬರುತ್ತಿದ್ದರು. ಉಳಿದ ದಿನ ಕಂಪೌಂಡರ್ ವೆಂಕಟರಾಯಪ್ಪ.

ಮೊದಲು ಯಾರೂ ನಂಬಲಿಲ್ಲ. ಒಂದಾಣೆ ಮುರಿದುಕೊಳ್ಳಲು ಇದೊಂದು ನೆಪ ಎಂದುಕೊಂಡರು. ಆಮೇಲೆ ಒಂದೊಂದೇ ಮನೆಗೆ ಅದರ ಅರ್ಥ ತಿಳಿಯಿತು. ಮಗುವಿಗೆ ಜ್ವರ ಬಂದರೆ ಮೂಗುತಿ ಬಿಚ್ಚಬೇಕಾಗಿರಲಿಲ್ಲ. ಅತ್ತೆಗೆ ಕಾಲು ಊದಿದರೆ ಕುರಿ ಮಾರಬೇಕಾಗಿರಲಿಲ್ಲ.

ಸಪ್ಪಲಮ್ಮನಿಗೆ ಅದು ತಿಳಿದದ್ದು ನಲವತ್ತಾರರಲ್ಲಿ. ಆಗ ಆಕೆ ಹದಿನೈದನೇ ಬೇಸಿನ್ನಿನಲ್ಲಿ ಕೂರುತ್ತಿದ್ದಳು. ಹಬೆಯ ಕೊಳವೆ ಸಿಡಿದು ಎಡಗೈ ಮೊಣಕೈವರೆಗೆ ಬೆಂದುಹೋಯಿತು. ಪಕ್ಕದ ಹದಿನಾಲ್ಕನೇ ಬೇಸಿನ್ನಿನಲ್ಲಿದ್ದ ಶಂಶುನ್ನೀಸಾ ತನ್ನ ಸೆರಗನ್ನೇ ತಣ್ಣೀರಿಗೆ ಅದ್ದಿ ಆ ಕೈಗೆ ಸುತ್ತಿ, ಅವಳನ್ನು ತೋಳಲ್ಲಿ ಅವುಚಿಕೊಂಡು ಔಷಧಾಲಯಕ್ಕೆ ಓಡಿದಳು. ಐದು ವಾರ ದಿನ ಬಿಟ್ಟು ದಿನ ಮುಲಾಮು ಹಚ್ಚಿ ಕಟ್ಟು ಕಟ್ಟಿದರು. ಐದು ವಾರವೂ ಅರ್ಧ ಕೂಲಿ ಬಂತು.

"ಎರಡು ಬೆರಳು ಹೋದೋ, ಕೈ ಉಳೀತು," ಎಂದು ಸಪ್ಪಲಮ್ಮ ಆ ಕೈಯನ್ನು ಮುಂದೆ ಚಾಚಿ ತೋರಿಸುತ್ತಾಳೆ. "ಅದೇನು ಧರ್ಮಕ್ಕೆ ಕೊಟ್ಟಿದ್ದಲ್ಲ. ವಾರ ವಾರ ನನ್ನ ಒಂದಾಣೆ ಹೋಗಿರ್ಲಿಲ್ವಾ?"

ಎಳೆ ಹಿಡಿಯಲಾಗದ ಕೈಗೆ ಔಷಧಾಲಯದ ಕೆಲಸ ಕೊಟ್ಟರು. ಗುಡಿಸುವುದು, ಬಾಟಲಿ ತೊಳೆಯುವುದು, ಬಂದವರನ್ನು ಸಾಲಾಗಿ ಕೂರಿಸುವುದು. ಎರಡು ವರ್ಷ ಆಕೆ ಅಲ್ಲಿ ರಾಣಿಯ ಹಾಗಿದ್ದಳು ಎನ್ನುತ್ತಾರೆ ಉಳಿದವರು. ಯಾರ ಮನೆಯ ಮಗುವಿಗೆ ಹೊಟ್ಟೆ ಕೆಟ್ಟಿದೆ, ಯಾರು ಬಾಟಲಿ ಔಷಧಿಯನ್ನು ಚರಂಡಿಗೆ ಚೆಲ್ಲುತ್ತಾರೆ, ಯಾರಿಗೆ ಬೈದು ಕುಡಿಸಬೇಕು, ಎಲ್ಲವೂ ಅವಳಿಗೆ ಗೊತ್ತಿತ್ತು.

ಯುದ್ಧ ಮುಗಿದಿತ್ತು. ಛತ್ರಿ ಬೇಡವಾಯಿತು, ರೇಷ್ಮೆಯ ಬೆಲೆ ಬಿತ್ತು. ನಲವತ್ತೆಂಟರ ಯುಗಾದಿಯ ರಜೆ ಮುಗಿದು ಕಾರ್ಖಾನೆ ತೆರೆದ ದಿನ ಗೇಟಿನ ಪಕ್ಕದ ಗೋಡೆಗೆ ಒಂದು ಕಾಗದ ಅಂಟಿಸಿದರು. ಅದರ ತಲೆಯ ಮೇಲೆ 'ಕಾಯಿಲೆ ನಿಧಿಯ ಸುಧಾರಣೆ' ಎಂದಿತ್ತು. ಓದು ಬಲ್ಲವರು ಕಡಿಮೆ. ವೆಂಕಟರಾಯಪ್ಪ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದ.

ಔಷಧಿಯ ಬೆಲೆ ಏರಿದ್ದರಿಂದ ನಿಧಿ ಮುಳುಗುವಂತಿದೆ. ಆದಕಾರಣ ಇನ್ನು ಮುಂದೆ ವಾರಕ್ಕೆ ಎರಡಾಣೆ. ಔಷಧಿ ಖಾಯಂ ಕೆಲಸಗಾರರಿಗೆ ಮಾತ್ರ. ಖಾಯಂ ಆದವರಿಗೆ ಹಿತ್ತಾಳೆಯ ಬಿಲ್ಲೆ ಕೊಡಲಾಗುವುದು. ಅವಲಂಬಿತರಿಗೆ, ಅಂದರೆ ಮನೆಯವರಿಗೆ, ಇಲ್ಲ. ಮೊದಲ ಮೂರು ದಿನದ ಕಾಯಿಲೆಗೆ ಕೂಲಿ ಇಲ್ಲ. ಹೆರಿಗೆ ಹಣ ಇಲ್ಲ. ಬಿಲ್ಲೆ ಇಲ್ಲದವರೂ ಎರಡಾಣೆ ಕೊಡತಕ್ಕದ್ದು. ಮುಂದೆ ಖಾಯಂ ಆದಾಗ ಅವರಿಗೆ ಅದರ ಪ್ರಯೋಜನ ದೊರೆಯುವುದು.

ಇನ್ನೂರ ಹನ್ನೆರಡು ಮಂದಿಯಲ್ಲಿ ಬಿಲ್ಲೆ ಸಿಕ್ಕಿದ್ದು ಅರವತ್ತೊಂದು ಮಂದಿಗೆ. ಬಾಯ್ಲರಿನವರು, ಮೇಸ್ತ್ರಿಗಳು, ಗುಮಾಸ್ತರು, ಕಾವಲಿನವರು. ನೂರೈವತ್ತು ಬೇಸಿನ್ನಿನ ಹೆಂಗಸರಲ್ಲಿ, ಕೈ ಚುರುಕೆಂದು ಮೇಸ್ತ್ರಿ ಆರಿಸಿದ ಹತ್ತೊಂಬತ್ತು ಮಂದಿಗೆ. ಉಳಿದವರು ಐದು ವರ್ಷದಿಂದ ಅದೇ ಮಣೆಯ ಮೇಲೆ ಕೂತವರಾದರೂ ಖಾಯಂ ಅಲ್ಲವಂತೆ. ಪ್ರತಿ ಯುಗಾದಿಗೆ ಹತ್ತು ದಿನ ಕಾರ್ಖಾನೆ ಮುಚ್ಚಿ, ಮತ್ತೆ ತೆರೆದಾಗ ಹೆಂಗಸರ ಹೆಸರನ್ನು ಹೊಸದಾಗಿ ಬರೆದುಕೊಳ್ಳುತ್ತಿದ್ದರು. ಯಾಕೆ ಹಾಗೆ ಬರೆಯುತ್ತಾರೆ ಎಂದು ಅಷ್ಟು ವರ್ಷ ಯಾರೂ ಕೇಳಿರಲಿಲ್ಲ. ಹಾಗೆ ಬರೆದಾಗಲೆಲ್ಲ ಅವರ ಕೆಲಸ ಕಡಿದು ಹೊಸದಾಗಿ ಶುರುವಾಗುತ್ತಿತ್ತು ಎಂಬುದು ಈಗ ತಿಳಿಯಿತು.

ಎರಡರಷ್ಟು ಕೊಡುವುದು, ಕಾಲು ಭಾಗ ಪಡೆಯುವುದು. ಇದರ ಹೆಸರು ಸುಧಾರಣೆ. ಕಾಗದದ ಕೆಳಗೆ ರುಜು ಹಾಕಿದವರಲ್ಲಿ ಒಬ್ಬರಿಗೂ ಆ ಔಷಧಾಲಯದ ಮೆಟ್ಟಿಲು ಹತ್ತುವ ಅಗತ್ಯ ಯಾವತ್ತೂ ಬಿದ್ದಿರಲಿಲ್ಲ. ಅವರ ಡಾಕ್ಟರು ಮನೆಗೇ ಬರುತ್ತಿದ್ದರು.

ಅದೇ ದಿನ ನಿಧಿಯ ಕಾರ್ಯದರ್ಶಿ ಸಪ್ಪಲಮ್ಮನನ್ನು ಕರೆದು ಹೇಳಿದ: "ಇನ್ಮೇಲೆ ನಿನ್ನ ಕೆಲಸ ಬಾಗಿಲು. ಬಿಲ್ಲೆ ನೋಡಿ ಒಳಗೆ ಬಿಡ್ಬೇಕು. ಇಲ್ದೋರಿಗೆ ಇಲ್ಲ ಅನ್ಬೇಕು. ಜಾಸ್ತಿ ಮಾತು ಬೇಡ."

ಆಕೆಗೇ ಬಿಲ್ಲೆ ಇರಲಿಲ್ಲ.

"ಮೊದಲ್ನೇ ದಿವ್ಸ ಇಲ್ಲ ಅನ್ನೋಕೆ ನಾಲಿಗೆ ಹೊರಳ್ಲಿಲ್ಲ," ಎನ್ನುತ್ತಾಳೆ ಸಪ್ಪಲಮ್ಮ. "ವಾರ ಕಳೀತು, ರೂಢಿ ಆಯ್ತು. ಅದೇ ನೋಡಿ ನಂಗೆ ಹೊಟ್ಟೆ ಉರಿಯೋದು. ರೂಢಿ ಆಯ್ತಲ್ಲ ನಂಗೆ!"

ಆಷಾಢದ ಒಂದು ಬುಧವಾರ ಶಂಶುನ್ನೀಸಾ ಬಂದಳು. ಸೆರಗನ್ನು ಅದ್ದಿ ಕೈಗೆ ಸುತ್ತಿದ್ದ ಅದೇ ಶಂಶುನ್ನೀಸಾ. ನಾಲ್ಕು ವರ್ಷ ನೂಲು ಬಿಚ್ಚಿ, ಕಣ್ಣು ಮಂಜಾಗಿ, ಕೆಲಸವನ್ನು ಮಗಳು ಖುರ್ಷಿದ್‌ಗೆ ಬಿಟ್ಟುಕೊಟ್ಟಿದ್ದಳು. ಕೈ ಚುರುಕಿನ ಮಗಳಿಗೆ ಬಿಲ್ಲೆಯಿತ್ತು, ತಾಯಿಗಿರಲಿಲ್ಲ. ಕಾಗದದ ಭಾಷೆಯಲ್ಲಿ ತಾಯಿ ಅವಲಂಬಿತಳು. ಮೈ ಕೆಂಡದ ಹಾಗಿತ್ತು. ಉಸಿರೆಳೆದಾಗ ಪಕ್ಕೆಯಲ್ಲಿ ಚುಚ್ಚಿ ಮುಖ ಕಿವುಚುತ್ತಿತ್ತು. ಕಫದಲ್ಲಿ ತುಕ್ಕಿನ ಬಣ್ಣ. ಎರಡು ವರ್ಷ ಆ ಔಷಧಾಲಯದಲ್ಲಿದ್ದ ಸಪ್ಪಲಮ್ಮನಿಗೆ ಅದು ನ್ಯುಮೋನಿಯಾ ಎಂದು ಡಾಕ್ಟರು ಹೇಳಬೇಕಾಗಿರಲಿಲ್ಲ. ಅದಕ್ಕೆ ಕೊಡುವ ಬಿಳಿ ಮಾತ್ರೆಯ ಡಬ್ಬಿ ಯಾವ ಬೀರುವಿನಲ್ಲಿದೆ ಎಂಬುದೂ ಗೊತ್ತಿತ್ತು. ಅದನ್ನು ಪ್ರತಿ ಶನಿವಾರ ಒರೆಸಿಡುತ್ತಿದ್ದವಳು ಅವಳೇ.

ಖುರ್ಷಿದ್ ತನ್ನ ಬಿಲ್ಲೆಯನ್ನು ಮುಂದೆ ಹಿಡಿದಳು. "ಖಾಲಾ, ನನ್ಗೇ ಜ್ವರ ಅಂತ ಹೇಳಿ. ನನ್ನ ಹೆಸ್ರಲ್ಲೇ ಬರ್ಕೊಳ್ಳಿ. ಮಾತ್ರೆ ಅಮ್ಮಿಗೆ ಕೊಡ್ತೀನಿ." ಚಿಕ್ಕಂದಿನಿಂದ ಅವಳು ಸಪ್ಪಲಮ್ಮನನ್ನು ಖಾಲಾ, ಚಿಕ್ಕಮ್ಮ, ಎಂದೇ ಕರೆಯುವುದು.

ಸಪ್ಪಲಮ್ಮ ಒಳಗೆ ಹೋಗಿ ವೆಂಕಟರಾಯಪ್ಪನನ್ನು ಕೇಳಿದಳು. ಅವನು ತಲೆಯೆತ್ತದೆ, "ಮಾತ್ರೆ ಎಣಿಸಿ ಇಟ್ಟವ್ರೆ ಕಣಮ್ಮ. ಡಾಕ್ಟರ ಚೀಟಿ ಇಲ್ದೆ ಒಂದು ತೆಗೆದ್ರೂ ನನ್ನ ಕೆಲ್ಸ ಹೋಗ್ತದೆ. ಶುಕ್ರವಾರ ಡಾಕ್ಟರು ಬರ್ಲಿ, ನೋಡಾನ," ಎಂದ. ಶುಕ್ರವಾರ ಬರುವ ಡಾಕ್ಟರೂ ಬಿಲ್ಲೆ ಕೇಳುತ್ತಾರೆಂಬುದು ಇಬ್ಬರಿಗೂ ಗೊತ್ತಿತ್ತು. ಕಾರ್ಯದರ್ಶಿ ಎದುರಿನ ಕೋಣೆಯಲ್ಲಿ ಕೂತು ಇತ್ತಲೇ ನೋಡುತ್ತಿದ್ದ.

ಆಕೆ ಬಾಗಿಲಿಗೆ ವಾಪಸು ಬಂದು, ದಿನವೂ ಹೇಳುತ್ತಿದ್ದ ಮಾತನ್ನೇ ಹೇಳಿದಳು. "ಬಿಲ್ಲೆ ಇಲ್ದೋರಿಗೆ ಔಷಧಿ ಇಲ್ಲ."

ಖುರ್ಷಿದ್ ಕೂಗಾಡಿದಳು. ತಾಯಿ ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕೂತು, ಸ್ವಲ್ಪ ಹೊತ್ತು ಉಸಿರು ಹಿಡಿದುಕೊಂಡು, "ಬಿಡಮ್ಮಾ, ಅವ್ಳ ಕೈಲಿ ಏನೈತೆ," ಎಂದು ಮಗಳಿಗೆ ಹೇಳಿದಳು. ಆಮೇಲೆ ಸಪ್ಪಲಮ್ಮನ ಕಡೆ ತಿರುಗಿ, "ಒಂದು ಲೋಟ ನೀರು ಕೊಡ್ತೀಯಾ ಸಪ್ಪಲಕ್ಕ," ಎಂದಳು. ಕುಡಿದು, ಮಗಳ ಹೆಗಲು ಹಿಡಿದುಕೊಂಡು ಹೊರಟುಹೋದಳು.

ಆ ಮಾತ್ರೆ ಪೇಟೆಯ ಔಷಧಿ ಅಂಗಡಿಯಲ್ಲಿ ಸಿಗುತ್ತಿತ್ತು. ಬೇಕಾದಷ್ಟು ಕೊಳ್ಳಲು ಖುರ್ಷಿದ್‌ಳ ಇಪ್ಪತ್ತು ದಿನದ ಕೂಲಿ ಸಾಲದು. ಗುರುವಾರವಿಡೀ ಕೈಗಡಕ್ಕೆ ಅಲೆದಳು. ಶುಕ್ರವಾರ ಮಳೆ ಹಿಡಿದು ಬಂಡಿ ಸಿಗಲಿಲ್ಲ. ಶನಿವಾರ ಬಂಡಿ ಕಟ್ಟಿ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಸಾಗಿಸಿದಾಗ, ಮೂರು ದಿನ ಮುಂಚೆ ತರಬಾರದಾಗಿತ್ತೇ ಎಂದು ಅಲ್ಲಿಯ ಡಾಕ್ಟರು ಕೇಳಿದರಂತೆ. ಭಾನುವಾರ ಬೆಳಿಗ್ಗೆ ಶಂಶುನ್ನೀಸಾ ಸತ್ತಳು. ಬುಧವಾರದಿಂದ ಭಾನುವಾರದವರೆಗೂ ಬೀರುವಿನಲ್ಲಿ ಡಬ್ಬಿ ಇದ್ದ ಕಡೆಯೇ ಇತ್ತು.

ಶಂಶುನ್ನೀಸಾಳ ಮಣ್ಣಿಗೆ ಹೋದ ಸಪ್ಪಲಮ್ಮನನ್ನು ಖುರ್ಷಿದ್ ಮಾತಾಡಿಸಲಿಲ್ಲ. ಸಪ್ಪಲಮ್ಮ ದೂರದಲ್ಲಿ ಹೊಂಗೆಮರದ ಕೆಳಗೆ ನಿಂತಿದ್ದು ವಾಪಸು ಬಂದಳು.

ಕಥೆ ಕಟ್ಟುವವರಾದರೆ ಅವಳು ಮಾರನೆಯ ದಿನವೇ ಕೆಲಸ ಬಿಸಾಕಿದಳು ಎಂದು ಹೇಳುತ್ತಿದ್ದರು. ಹಾಗಾಗಲಿಲ್ಲ. "ಅದಾದ್ಮೇಲೂ ಎರಡು ತಿಂಗ್ಳು ನಿಂತಿದ್ದೆ ಅದೇ ಬಾಗ್ಲಲ್ಲಿ," ಎಂದು ಆಕೆಯೇ ಹೇಳುತ್ತಾಳೆ. ದನಿಯಲ್ಲಿ ನಾಚಿಕೆ ಇಲ್ಲ, ಸಿಟ್ಟಿದೆ. "ಮನೇಲಿ ಗಂಡ ಕೆಮ್ತಾ ಬಿದ್ದವ್ನೆ. ನಾನು ಬಿಟ್ರೆ ಇನ್ನೊಬ್ಳು ಬತ್ತಾಳೆ, ಅವ್ಳೂ ಇಲ್ಲ ಅಂತಾಳೆ. ಆದ್ರೆ ಒಂದು ಮಾಡ್ದೆ. ಆವತ್ತಿಂದ ಯಾರಿಗೂ ನೆಲ ನೋಡ್ಕೊಂಡು ಇಲ್ಲ ಅನ್ಲಿಲ್ಲ. ಮುಖ ನೋಡಿ ಅಂದೆ. ಯಾರು, ಯಾರ ಮಗು, ಏನಾಗೈತೆ, ಎಲ್ಲಾ ಕೇಳ್ಕೊಂಡು ಆಮೇಲೆ ಇಲ್ಲ ಅಂದೆ. ಹಂಗೆ ಅಂದೋರ್ನ ಮರೆಯೋಕಾಗಲ್ಲ. ಅದಕ್ಕೂ ಮುಂಚೆ ಅಂದಿದ್ದೋರ್ನೂ ಕೂತು ಕೂತು ನೆಪ್ಪು ಮಾಡ್ಕೊಂಡೆ."

ದಸರೆಗೆ ಮುಂಚಿನ ಭಾನುವಾರ ಮಧ್ಯಾಹ್ನ ನಿಧಿಯ ಸಭೆ ಸೇರಿತು. ಗೂಡಿನ ಉಗ್ರಾಣ ಖಾಲಿ ಮಾಡಿ ಮೇಜು ಹಾಕಿದ್ದರು. ಮ್ಯಾನೇಜರು, ಕಾರ್ಯದರ್ಶಿ, ಬೆಂಗಳೂರಿನಿಂದ ಬಂದ ಇಬ್ಬರು ಪಾಲುದಾರರು. ಮುಂದೆ ಬಿಲ್ಲೆಯವರು, ಹಿಂದೆ ಗೋಡೆಗೆ ಒರಗಿ ಕೂತ ಬೇಸಿನ್ನಿನ ಹೆಂಗಸರು. ಕಾರ್ಯದರ್ಶಿ ವರದಿ ಓದಿದ. ಸುಧಾರಣೆಯಾದ ಆರು ತಿಂಗಳಲ್ಲಿ ಔಷಧಿಯ ಖರ್ಚು ಅರ್ಧಕ್ಕಿಂತ ಕಡಿಮೆಯಾಗಿದೆ. ಮುಳುಗುತ್ತಿದ್ದ ನಿಧಿಯಲ್ಲಿ ಒಂಬೈನೂರು ರೂಪಾಯಿ ಉಳಿದಿದೆ. ಕಾಯಿಲೆ ಬೀಳುವವರ ಸಂಖ್ಯೆಯೂ ಗಣನೀಯವಾಗಿ ಇಳಿದಿದೆ. ಇದಕ್ಕಾಗಿ ಮ್ಯಾನೇಜರಿಗೆ ಹಾರ ಹಾಕಬೇಕೆಂದು ಸೂಚನೆ ಬಂತು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟಿದರು.

ಕಾಯಿಲೆ ಬೀಳುವವರು ಇಳಿದಿದ್ದಾರಂತೆ! ಆ ಮಾತಿಗೆ ಸಪ್ಪಲಮ್ಮನಿಗೆ ಕೂತಿರಲಾಗಲಿಲ್ಲ. ಎದ್ದು ನಿಂತಳು.

"ಸ್ವಾಮಿ, ಒಂದು ಮಾತು. ನಾನು ಬಾಗ್ಲಿಂದ ವಾಪಸ್ ಕಳ್ಸಿದೋರು ಎಷ್ಟು ಜನ ಅಂತ ಬರ್ದಿದ್ದೀರಾ?"

ಕಾರ್ಯದರ್ಶಿ ಹುಬ್ಬು ಗಂಟಿಕ್ಕಿದ. "ಅದನ್ನೆಲ್ಲಾ ಯಾರು ಬರೀತಾರಮ್ಮ? ಕೂತ್ಕೋ."

"ನೀವು ಬರೀಲಿಲ್ಲ. ನಾನು ಹೇಳ್ತೀನಿ," ಎಂದಳು. ಹೇಳತೊಡಗಿದಳು.

"ಏಳನೇ ಬೇಸಿನ್ನು ಲಕ್ಕಮ್ಮನ ಕೂಸು, ಭೇದಿ. ಮೂರು ಸಲ ಬಂದ್ಲು, ಮೂರು ಸಲಾನೂ ಇಲ್ಲ ಅಂದೆ. ನಲವತ್ತೆರಡು ಮುನಿವೆಂಕಟಮ್ಮ, ಏಳು ತಿಂಗಳ ಬಸುರಿ, ಕಾಲು ಊತ. ಗೇಟು ಕಾಯೋ ಗೋಪಾಲಪ್ಪನ ತಾಯಿ, ಕಣ್ಣು. ಇಪ್ಪತ್ತು ಮಾರಕ್ಕ, ಬೆರಳ ಸಂದೀಲಿ ಕೀವು. ನಿಮ್ಮ ನೀರಲ್ಲೇ ಬಂದಿದ್ದು ಆ ಕೀವು. ನೂರಾ ಮೂರು ಅಮ್ಮಯಮ್ಮನ ಮಗ್ಳು, ನಾಯಿ ಕಡಿದಿತ್ತು..."

ಕಾರ್ಯದರ್ಶಿ ಮೇಜು ಕುಟ್ಟಿದ. ಮ್ಯಾನೇಜರು ಕಾವಲಿನವನ ಕಡೆ ನೋಡಿದರು. ಅಲ್ಲಿ ನಿಂತಿದ್ದವನು ಗೋಪಾಲಪ್ಪ. ಅವನು ಛಾವಣಿ ನೋಡುತ್ತಾ ನಿಂತೇ ಇದ್ದ.

ಹೆಸರು ಬಂದವರು ಒಬ್ಬೊಬ್ಬರಾಗಿ ಎದ್ದು ನಿಲ್ಲತೊಡಗಿದರು. ನಿಲ್ಲಿ ಎಂದು ಯಾರೂ ಹೇಳಿರಲಿಲ್ಲ. ಒಂಬತ್ತನೆಯದೋ ಹತ್ತನೆಯದೋ ಆಗಿ ಆ ಹೆಸರೂ ಬಂತು.

"ಶಂಶುನ್ನೀಸಾ. ಹದಿನಾಲ್ಕನೇ ಬೇಸಿನ್ನಿನ ಹಳೇ ಕೆಲಸದಾಕೆ. ನಾಕು ವರ್ಷ ವಾರವಾರ ಒಂದಾಣೆ ಕೊಟ್ಟೋಳು. ಜ್ವರ, ಪಕ್ಕೆ ನೋವು. ಬುಧವಾರ ಬಂದ್ಲು, ಭಾನುವಾರ ಸತ್ಲು. ಇಲ್ಲ ಅಂದೋಳು ನಾನು." ಮುಂದಿನ ಹೆಸರಿಗೆ ಹೋದಳು.

ಎಪ್ಪತ್ತೊಂದು ಹೆಸರು. ಮುಗಿಯುವ ಹೊತ್ತಿಗೆ ಹಿಂದಿನ ಗೋಡೆಯುದ್ದಕ್ಕೂ ಹೆಂಗಸರು ಎದ್ದು ನಿಂತಿದ್ದರು. ತಂದಿಟ್ಟಿದ್ದ ಹಾರ ತಟ್ಟೆಯಲ್ಲೇ ಇತ್ತು. "ಒಂಬೈನೂರು ಉಳೀತು ಅಂದ್ರಲ್ಲ," ಎಂದಳು ಸಪ್ಪಲಮ್ಮ. "ಹೆಂಗೆ ಉಳೀತು ಅಂತ ಹೇಳ್ದೆ. ಈಗ ಹಾಕ್ಕೊಳಿ ಹಾರ."

ವೆಂಕಟರಾಯಪ್ಪನೂ ಆ ದಿನ ಸಭೆಯಲ್ಲಿದ್ದ. ಈಗ ಕೇಳಿದರೆ, ಔಷಧಾಲಯದ ಕಿಟಕಿ ಮುಚ್ಚಿ ಬಂದು, ತಗ್ಗಿದ ದನಿಯಲ್ಲಿ ಹೇಳುತ್ತಾನೆ: "ಎಪ್ಪತ್ತೊಂದಲ್ಲ, ಇನ್ನೂ ಹೆಚ್ಚು. ಹಿಂದಿನ ಬಾಗ್ಲಿಗೆ ಬಂದು ನನ್ನ ಕೇಳ್ದೋರು ಆಯಮ್ಮನ ಲೆಕ್ಕದಲ್ಲಿಲ್ಲ. ನಾನೂ ಎದ್ದು ಹೇಳ್ಬೇಕಾಗಿತ್ತು. ಹೇಳ್ಲಿಲ್ಲ."

ಮಾರನೆಯ ದಿನ ಬೆಳಿಗ್ಗೆ ಔಷಧಾಲಯದ ಬಾಗಿಲಲ್ಲಿ ಬೇರೊಬ್ಬಳಿದ್ದಳು. ಸಪ್ಪಲಮ್ಮನಿಗೆ ಕೆಲಸವಿಲ್ಲ ಎಂದರು. ಆಕೆ ಗೇಟಿನ ಕಡೆ ತಿರುಗಿ ಬೇಸಿನ್ನಿನ ಸಾಲಿನ ಪಕ್ಕದಲ್ಲೇ ನಡೆದುಹೋಗಬೇಕಾಯಿತು. ಹದಿನಾಲ್ಕನೇ ಬೇಸಿನ್ನಿನಲ್ಲಿ ಖುರ್ಷಿದ್ ಕೂತಿದ್ದಳು. ತಾಯಿ ಸತ್ತ ಮೇಲೆ ಒಂದು ದಿನವೂ ಆಕೆಯನ್ನು ಮಾತಾಡಿಸದ ಖುರ್ಷಿದ್. ಸಪ್ಪಲಮ್ಮ ಹಾದುಹೋಗುವುದನ್ನು ನೋಡಿ, ಬಿಸಿನೀರಿನಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅವಳ ರಾಟೆಯ ಎಳೆಗಳೆಲ್ಲ ಪಟಪಟನೆ ಕಡಿದವು. ಪಕ್ಕದವಳು ನೋಡಿದಳು, ಅವಳೂ ಕೈ ತೆಗೆದಳು. ಹಾಗೆ ಸಾಲು ಸಾಲೇ ನಿಂತಿತು. ಬಿಲ್ಲೆ ಇದ್ದವರು, ಇಲ್ಲದವರು, ನೂರೈವತ್ತು ಮಂದಿ ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಬೇಸಿನ್ನಿನಲ್ಲಿ ಗೂಡು ಬೆಂದು ಬೆಂದು ಮುದ್ದೆಯಾಯಿತು. ಮೇಸ್ತ್ರಿ ಬೈದ, ಬೇಡಿಕೊಂಡ. ಯಾರೂ ಏಳಲಿಲ್ಲ, ಯಾರೂ ಕೂಗಲಿಲ್ಲ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ಹೊಸ ಕಾಗದ ಬಂತು. ಎರಡು ವರ್ಷ ಕೆಲಸ ಮಾಡಿದ ಹೆಂಗಸರಿಗೆ, ಯುಗಾದಿಯ ರಜೆಯನ್ನು ಲೆಕ್ಕಿಸದೆ, ಬಿಲ್ಲೆ. ಕೆಲಸದವರ ಮಕ್ಕಳನ್ನೂ ತಂದೆತಾಯಿಯರನ್ನೂ ಮಂಗಳವಾರ ನೋಡಲಾಗುವುದು. ಜೀವಕ್ಕೆ ಅಪಾಯವಿದ್ದರೆ ಯಾವ ದಿನವಾದರೂ, ಬಿಲ್ಲೆ ಕೇಳದೆ, ಮಾತ್ರೆ ಕೊಡತಕ್ಕದ್ದು. ಎರಡಾಣೆ ಎರಡಾಣೆಯಾಗಿಯೇ ಉಳಿಯಿತು. ಹೆರಿಗೆಯ ಆರು ರೂಪಾಯಿ ವಾಪಸು ಬರಲಿಲ್ಲ. ಮೊದಲ ಮೂರು ದಿನದ ಕೂಲಿಯೂ ಬರಲಿಲ್ಲ. ಬಸುರಿಯರು ಈಗಲೂ ನೋವು ಶುರುವಾಗುವವರೆಗೆ ಬೇಸಿನ್ನಿನ ಮುಂದೆ ಕೂರುತ್ತಾರೆ.

ಸಪ್ಪಲಮ್ಮನನ್ನು ವಾಪಸು ತೆಗೆದುಕೊಂಡರು, ಆದರೆ ಗೂಡು ಬೇಯಿಸಲು. ಒಂದು ದಿನ ಕೆಲಸದಿಂದ ತೆಗೆದಿದ್ದರಿಂದ ಆಕೆಯ ಹೆಸರನ್ನು ಹೊಸದಾಗಿ ಬರೆದುಕೊಂಡರು. ಹಾಗಾಗಿ ಎರಡು ವರ್ಷದ ಲೆಕ್ಕ ಆಕೆಗೆ ಹೊಸದಾಗಿ ಶುರು. ನೂರಕ್ಕೂ ಹೆಚ್ಚು ಮಂದಿಗೆ ಬಿಲ್ಲೆ ತಂದುಕೊಟ್ಟವಳ ಕೊರಳಲ್ಲಿ ಬಿಲ್ಲೆಯಿಲ್ಲ. ಹೊಸ ಕಾಗದದಲ್ಲಿ ಗಂಡಂದಿರ ಮಾತಿಲ್ಲ, ಹಾಗಾಗಿ ಆಂಜಿನಪ್ಪನ ಕೆಮ್ಮಿಗೆ ಮಂಗಳವಾರವೂ ಇಲ್ಲ. ವಾರಕ್ಕೆ ಎರಡಾಣೆ ಮಾತ್ರ ತಪ್ಪದೆ ಹಿಡಿಯುತ್ತಾರೆ. ಇದನ್ನು ಯಾರೋ ಮರೆತು ಮಾಡಿದ್ದಲ್ಲ. ಪೆನ್ನು ಹಿಡಿದು, ಯೋಚಿಸಿ, ಬರೆದದ್ದು.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತು. ಹುಣಸೆಮರದ ಬುಡದಲ್ಲಿ ಸಪ್ಪಲಮ್ಮ ರಾಗಿಮುದ್ದೆಗೆ ಹುರುಳಿಸಾರು ಸುರಿದುಕೊಳ್ಳುತ್ತಿದ್ದಾಳೆ. ಪಕ್ಕದಲ್ಲಿ ಖುರ್ಷಿದ್ ಕೂತಿದ್ದಾಳೆ. ಆಕೆಯನ್ನು ಕ್ಷಮಿಸಿದೆಯಾ ಎಂದು ಕೇಳಿದರೆ ಖುರ್ಷಿದ್ ರೊಟ್ಟಿ ಮುರಿಯುತ್ತಾಳೆ.

"ಅದು ಗೊತ್ತಿಲ್ಲ," ಎನ್ನುತ್ತಾಳೆ. "ಒಂದೊಂದು ದಿವಸ ಖಾಲಾ ಮುಖ ನೋಡೋಕಾಗಲ್ಲ. ಆ ದಿವಸ ನೋಡಲ್ಲ. ಆದ್ರೆ ಇನ್ನೊಂದು ಹೇಳ್ತೀನಿ, ಬರ್ಕೊಳ್ಳಿ. ಅಮ್ಮಿ ಹೆಸ್ರನ್ನ ದೊಡ್ಡೋರ ಎದುರಿಗೆ ಗಟ್ಟಿಯಾಗಿ ಹೇಳಿದ್ದು ಇವ್ರು ಒಬ್ರೇ."

ಸಪ್ಪಲಮ್ಮ ಸಾರಿನ ಪಾತ್ರೆಯನ್ನು ಅವಳ ಕಡೆ ಸರಿಸುತ್ತಾಳೆ.

ಕೆಲಸಗಾರರ ಕಾಯಿಲೆ, ಹೆರಿಗೆ, ಗಾಯಗಳಿಗೆಲ್ಲ ವಿಮೆ ಕೊಡುವ ಹೊಸ ಕಾನೂನು ದಿಲ್ಲಿಯಲ್ಲಿ ಆಗಿದೆ ಎಂಬ ಸುದ್ದಿ ಈ ಮರದ ಬುಡಕ್ಕೂ ಬಂದಿದೆ. ಅದು ಇಲ್ಲಿಗೆ ಯಾವಾಗ ಬರುತ್ತದೆ, ಯಾರಿಗೆ ಬರುತ್ತದೆ, ಯುಗಾದಿಗೆ ಹೆಸರು ಕಡಿಸಿಕೊಳ್ಳುವವರಿಗೆ ಅದರಲ್ಲಿ ಜಾಗವಿದೆಯೋ ಇಲ್ಲವೋ, ಯಾರೂ ಹೇಳಲಾರರು. ಆ ಕಾನೂನಿನಲ್ಲಿ ಏನಿರಬೇಕು ಎಂದು ಕೇಳಿದಾಗ, ತನಗೊಂದು ಬಿಲ್ಲೆ ಬೇಕೆಂದು ಆಕೆ ಹೇಳುವುದಿಲ್ಲ. ಗಂಡನಿಗೆ ಔಷಧಿ ಬೇಕೆಂದೂ ಹೇಳುವುದಿಲ್ಲ. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಏಳುತ್ತಾಳೆ. ಹಂಡೆಯ ನೀರು ಆರುತ್ತದೆಂಬ ಆತುರ.

"ಕೊಡೋದು ಬಿಡೋದು ಅವ್ರಿಗೆ ಬಿಟ್ಟಿದ್ದು. ನಂದೊಂದೇ," ಎನ್ನುತ್ತಾಳೆ. "ಇಲ್ಲ ಅಂತ ಕಾಗದದಲ್ಲಿ ಬರ್ದೋನು ಬರ್ಲಿ. ಬಾಗ್ಲಲ್ಲಿ ಅವ್ನೇ ನಿಲ್ಲಲಿ. ಜ್ವರ ಬಂದು ನಡುಗ್ತಾ ನಿಂತಿರೋಳ ಮುಖ ನೋಡಿ, ಅವ್ನ ಬಾಯಲ್ಲೇ ಇಲ್ಲ ಅನ್ಲಿ. ಇನ್ನೊಬ್ಬರ 'ಇಲ್ಲ' ಅನ್ನೋ ಮಾತ್ನ ನಾನಂತೂ ಇನ್ಮೇಲೆ ಹೇಳಲ್ಲ."